ಹಳದಿಯಿಲ್ಲದ ಮಡ್ಗಾರ್ಡು

ಪಣಜಿಯ ಮಾರುಕಟ್ಟೆಯ ಮಗ್ಗುಲಲ್ಲಿ, ಕಾಡುಬಾದಾಮಿಯ ಮರದ ನೆರಳಿಗೆ ಹನ್ನೊಂದು ಮೋಟಾರ್ ಸೈಕಲ್ಲುಗಳು ಒಂದರ ಹಿಂದೊಂದು ನಿಲ್ಲುತ್ತವೆ. ಅದು ಪೈಲಟರ ಸ್ಟ್ಯಾಂಡು. ಒಬ್ಬರನ್ನು ಬಾಡಿಗೆಗೆ ಹಿಂದೆ ಕೂರಿಸಿಕೊಂಡು ಅವರು ಹೇಳಿದಲ್ಲಿಗೆ ಮುಟ್ಟಿಸುವವನೇ ಆ ಊರಿನ ಪೈಲಟ್. ಅವನ ಗಾಡಿಯ ಮುಂದಿನ ಮಡ್ಗಾರ್ಡಿಗೆ ಹಳದಿ ಬಣ್ಣ. ಆ ಹಳದಿಯನ್ನು ಕಂಡವರು ಕೈ ಎತ್ತಬೇಕು, ಎತ್ತಿದ ಕೈಯನ್ನು ಕಂಡವನು ನಿಲ್ಲಬೇಕು. ಇಡೀ ಕಸುಬು ಇಷ್ಟರ ಮೇಲೆಯೇ ನಿಂತಿದೆ.

ಸ್ಟ್ಯಾಂಡಿಗೆ ಹಿರಿಯನೆಂದರೆ ಎವರಿಸ್ತ ಕುತಿನ್ಹೊ. ಐವತ್ತೊಂಬತ್ತರ ಗಂಡಸು, ಮೂವತ್ತನಾಲ್ಕು ವರ್ಷ ಒಂದೇ ಗಾಡಿಯನ್ನು ಓಡಿಸಿ ಅವನ ಬಲಭುಜ ತುಸು ಕೆಳಗಿಳಿದಿತ್ತು. ಸಾಲಿನ ಕಟ್ಟಳೆಗಳನ್ನು ಕಟ್ಟಿದವನೂ ಅವನೇ. ಮುಂದೆ ನಿಂತವನಿಗೆ ಮೊದಲ ಸವಾರಿ. ಸವಾರಿ ಮುಗಿಸಿ ಬಂದವನು ಕೊನೆಗೆ ಸೇರಬೇಕು. ಹಿಂದಿನ ಸೀಟು ಬರಿದಾಗಿದ್ದೂ ಕರೆದವರನ್ನು ಬಿಟ್ಟುಹೋದವನು ಎಂಟು ದಿನ ಸಾಲಿನ ಬಾಲದಲ್ಲಿ ನಿಲ್ಲಬೇಕು. ಸವಾರಿ ಮುಗಿಸಿ ಯಾರು ಬಂದು ಸೇರಿದರೂ ಅವನು ಅವರಿಗೆ ಮುಂದೆ ಜಾಗ ಕೊಟ್ಟು ಹಿಂದಕ್ಕೆ ಸರಿಯುತ್ತಲೇ ಇರಬೇಕು. ಈ ಮೂರನೆಯ ಕಟ್ಟಳೆಯ ಕಾವು ಎಂಥದೆಂದು ಹೋದ ಮಳೆಗಾಲದಲ್ಲಿ ದಾಮು ಕೇರ್ಕರನಿಗೆ ತಿಳಿದಿತ್ತು. ನೀರು ಸೋರುವ ಮೀನುಬುಟ್ಟಿಯ ಹೆಂಗಸೊಬ್ಬಳು ಕೂಗಿದಾಗ ಅವನು ಕೇಳಿಸದವನಂತೆ ಮುಂದೆ ಹೋಗಿದ್ದ. ಮಳೆಯ ಸದ್ದಿನಲ್ಲಿ ನಿಜಕ್ಕೂ ಕೇಳಿಸಲಿಲ್ಲವೆಂದು ಎಷ್ಟು ಹೇಳಿಕೊಂಡರೂ ಎವರಿಸ್ತ ಬಿಟ್ಟಿರಲಿಲ್ಲ. ಎಲ್ಲರ ಎದುರಿಗೆ, ದನಿಯನ್ನು ಒಂದಿಷ್ಟೂ ಏರಿಸದೆ ಅಂದಿದ್ದ:

"ಕಿವಿಗೆ ಕೇಳಿಸಿಲ್ಲ ಅನ್ನು, ನಂಬ್ತೀನಿ ದಾಮು. ಆದ್ರೆ ಕೂಗಿದ್ದು ಕೇಳಿಸದ ಪೈಲಟ್ ನಮಗೆ ಬೇಡ."

ದಾಮು ಎಂಟು ದಿನ ಮಳೆಯಲ್ಲಿ ಹಿಂದಕ್ಕೆ ಸರಿದ. ಆ ಮಾತನ್ನು ಎವರಿಸ್ತನ ಎದುರಿಗೆ ಅವನು ಮತ್ತೆ ಎತ್ತಲಿಲ್ಲ. ಎತ್ತದೆ ಇದ್ದುದರಲ್ಲೇ ಮರೆತಿಲ್ಲವೆಂಬುದು ಸ್ಪಷ್ಟವಾಗಿತ್ತು.

ಈ ವರ್ಷ ಹನ್ನೊಂದು ಗಾಡಿಗಳೂ ಮುದಿಯಾಗಿ, ವಾರಕ್ಕೊಂದರಂತೆ ಮೆಕ್ಯಾನಿಕ್ಕಿನ ಅಂಗಳದಲ್ಲಿ ಮಲಗತೊಡಗಿದವು. ಒಟ್ಟಿಗೇ ಹೊಸದನ್ನು ಕೊಳ್ಳುವುದೆಂದು ಎಲ್ಲರೂ ಮಾತಾಡಿಕೊಂಡರು. ಮಾಪ್ಸೆಯ ಮಾರಾಟಗಾರನೊಬ್ಬ ಮುನ್ನೂರ ಐವತ್ತು ಸಿ.ಸಿ.ಯ ಗಾಡಿಯೊಂದನ್ನು ತೋರಿಸಿದ್ದ. ದುಂಡು ದೀಪ, ಹನಿಯಾಕಾರದ ಟ್ಯಾಂಕು, ಮಿರುಗುವ ಸೈಲೆನ್ಸರು. ಅಜ್ಜಂದಿರ ಕಾಲದ ರೂಪು, ಒಳಗೆ ಮಾತ್ರ ಗುಂಡಿ ಒತ್ತಿದರೆ ಹೊರಡುವ ಇಂದಿನ ಯಂತ್ರ. ಪ್ರವಾಸಿಗರಿಗೆ ಅದು ಚೆಂದ, ಸರಿ. ದಿನಕ್ಕೆ ಮೂವತ್ತು ಸಲ ನಿಂತು ಹೊರಡುವ, ಪೇಟೆಯ ಸಂದಿಗಳಲ್ಲಿ ತಿರುಗುವ, ಮುದುಕಿಯರು ಓರೆಯಾಗಿ ಕುಳಿತು ಹೋಗುವ ಕಸುಬಿಗೆ ಅದು ಒಗ್ಗೀತೇ ಎಂಬುದೇ ಪ್ರಶ್ನೆ. ಎಂಟು ದಿನ ಓಡಿಸಿ ನೋಡಲು ಮಾರಾಟಗಾರ ಒಂದು ಗಾಡಿಯನ್ನು ಒಪ್ಪಿಸಿದ. ಬಣ್ಣ ಮಾತ್ರ ಬಳಿಯಕೂಡದು, ಬಾಡಿಗೆಯ ಸವಾರಿ ಕೂಡದು. ಪರೀಕ್ಷಿಸುವ ಕೆಲಸ ಎವರಿಸ್ತನದೆಂದು ಯಾರೂ ಹೇಳಬೇಕಾಗಿರಲಿಲ್ಲ. ಅವನು ಹೌದೆಂದರೆ ಹನ್ನೊಂದು ಮನೆಗಳಿಗೆ ಆ ಗಾಡಿ ಬರುವುದು, ಅಲ್ಲವೆಂದರೆ ಇಲ್ಲ. ದಿನಕ್ಕೊಂದು ಪುಟದಂತೆ ಕಂಡದ್ದನ್ನು ಕಂಡಂತೆ ಬರೆದು ಎಂಟನೆಯ ದಿನ ಎಲ್ಲರಿಗೂ ಓದಿ ಹೇಳುವೆನೆಂದು ಅವನು ಶಾಲೆಯ ಮಕ್ಕಳು ಬರೆಯುವಂಥ ಒಂದು ನೋಟುಬುಕ್ಕನ್ನು ಕೊಂಡ.

ಮೊದಲ ನಾಲ್ಕು ದಿನಗಳ ಪುಟಗಳು ಒಬ್ಬ ಪ್ರಾಮಾಣಿಕನ ಪುಟಗಳು. ತೂಕ ಹೆಚ್ಚು, ಬೆತಿಂ ಕಡೆಯ ಫೆರಿ ದೋಣಿಯಿಂದ ಇಳಿಯುವಾಗ ಒದ್ದೆ ಹಲಗೆಯ ಮೇಲೆ ಕಾಲೂರಿದರೆ ಮೊಣಕಾಲು ನಡುಗುತ್ತದೆ. ಓಡತೊಡಗಿದ ಮೇಲೆ ಆ ತೂಕವೇ ಆಧಾರ. ಹೊಂಡಕ್ಕೆ ಬಿದ್ದರೂ ಹಿಂದಿನವರಿಗೆ ತಟ್ಟದು. ದಾಮುವನ್ನು ಹಿಂದೆ ಕೂರಿಸಿಕೊಂಡು ಆಲ್ತಿನೊ ಗುಡ್ಡವನ್ನು ಎರಡನೆಯ ಗೇರಿನಲ್ಲಿ ಹತ್ತಿಸಿದ್ದಾಯಿತು, ಉಸಿರು ಕಟ್ಟಲಿಲ್ಲ. ಮಾರುಕಟ್ಟೆಯ ಜಂಗುಳಿಯಲ್ಲಿ ಕಾಲು ಗಂಟೆ ತೆವಳಿದರೆ ಬಲಗಾಲಿನ ಮೀನಖಂಡಕ್ಕೆ ಕಾವು ತಗಲುತ್ತದೆ. ಕ್ಲಚ್ಚು ಹಗುರ. ಲೀಟರಿಗೆ ಮೂವತ್ತೈದು ಕಿಲೋಮೀಟರಿಗೆ ಮೋಸವಿಲ್ಲ. ಹಿಂದಿನ ಸೀಟು ಗಿಡ್ಡ, ಹಿಡಿಯಲು ಕಂಬಿ ಚಿಕ್ಕದು, ಓರೆಯಾಗಿ ಕೂರುವವರಿಗೆ ಎಡಗಡೆ ಕಾಲಿಡುವ ಪಟ್ಟಿ ಬೇಕು. ದಾಮು ಇಳಿದು ಸೊಂಟ ನೀವಿಕೊಳ್ಳುತ್ತ, ಈ ಸೀಟನ್ನು ಮಾಡಿದವನು ಮದುವೆಯಾಗದವನಿರಬೇಕು, ಹಿಂದೆ ಯಾರೂ ಕೂರುವವರಿಲ್ಲ ಎಂದು ಹೇಳಿದ್ದನ್ನೂ ಎವರಿಸ್ತ ಬರೆದಿದ್ದ.

ಬರೆಯದೆ ಬಿಟ್ಟ ಸಂಗತಿಯೊಂದಿತ್ತು. ಹಳದಿಯಿಲ್ಲದ ಆ ಮಡ್ಗಾರ್ಡಿನ ಹಿಂದೆ ಕುಳಿತಾಗ ಊರು ಅವನನ್ನು ಬೇರೆ ಬಗೆಯಲ್ಲಿ ನೋಡುತ್ತಿತ್ತು. ಅಡ್ಡಬಂದ ಕಾರಿನವರು ಬೈಯುವ ಬದಲು ಕೈಸನ್ನೆಯಿಂದ ದಾರಿ ಬಿಟ್ಟರು. ಪೆಟ್ರೋಲು ಹಾಕುವವನು 'ಸರ್' ಎಂದ. ಮೂವತ್ತನಾಲ್ಕು ವರ್ಷಗಳಲ್ಲಿ ಆ ಮಾತು ಅವನ ಬಳಿ ಸುಳಿದದ್ದಿಲ್ಲ. ಸುಳಿಯಬೇಕೆಂದು ಅವನು ಬಯಸಿದ್ದೂ ಇಲ್ಲವೆಂದೇ ಅವನ ನಂಬಿಕೆಯಾಗಿತ್ತು. ಬಯಕೆಯು ಮನುಷ್ಯನ ಅಂತಃಕರಣದಲ್ಲಿ ಎಷ್ಟು ಕಾಲ ಸದ್ದಿಲ್ಲದೆ ಮಲಗಿರಬಲ್ಲುದೆಂಬುದು ಅದು ಎದ್ದು ಕೂರುವವರೆಗೆ ಯಾರಿಗೂ ತಿಳಿಯದು. ಐದನೆಯ ದಿನ ಬೆಳಿಗ್ಗೆ ಅವನು ದಿನದ ನೀಲಿ ಅಂಗಿಯನ್ನು ಬಿಟ್ಟು, ತಮ್ಮನ ಮಗಳ ಮದುವೆಗೆ ಹೊಲಿಸಿದ್ದ ಬಿಳಿಯ ಅಂಗಿಯನ್ನು ಇಸ್ತ್ರಿ ಮಾಡಿಸಿ ತೊಟ್ಟ. ಹೆಂಡತಿ ರೆಜಿನಾ ಬಾಗಿಲಿಗೊರಗಿ ನೋಡಿದಳು.

"ಏನು ಜಮೀನ್ದಾರ್ರು ತೆಂಗಿನ ತೋಟ ನೋಡೋಕೆ ಹೊರಟ್ರಾ? ಬರುವಾಗ ಒಂದು ಕಾಯಿ ತನ್ನಿ, ಸಾರಿಗಿಲ್ಲ."

ಅವನೂ ನಕ್ಕ. ಬಿಸಿಲಿಗೆ ಬಿಳಿ ತಂಪೆಂದು ಉತ್ತರ ಕೊಟ್ಟ. ಆದರೆ ಅಂಗಿಯನ್ನು ಬದಲಿಸಲಿಲ್ಲ.

ಅಂದು ಪಿಯೆದಾದ್ ತೀಯಾಳ ಗಂಡನ ಪುಣ್ಯತಿಥಿ. ತೀಯಾ ಎಂದರೆ ಅತ್ತೆ. ಮಾಲಾ ಕೇರಿಯಲ್ಲಿ ಎಪ್ಪತ್ತಾರರ ಆ ವಿಧವೆ ಎಲ್ಲರಿಗೂ ತೀಯಾಳೇ. ಅವಳ ಗಂಡ ಲೊರೆನ್ಸು, ಬೆಳಗಿನ ಜಾವದಿಂದ ಪಾವ್ ಸುಟ್ಟು ಸೈಕಲ್ಲಿನ ಮೇಲೆ ಮನೆಮನೆಗೆ ಹಂಚುತ್ತಿದ್ದವನು, ತೀರಿಕೊಂಡು ಒಂಬತ್ತು ವರ್ಷ. ಪ್ರತಿವರ್ಷ ಆ ದಿನ ಆಲ್ತಿನೊ ಗುಡ್ಡದ ಮೇಲಿನ ಚಿಕ್ಕ ಇಗರ್ಜಿಯಲ್ಲಿ ಅವನ ಆತ್ಮಕ್ಕಾಗಿ ಪೂಜೆ. ಯಾರಿಗಾಗಿ ಪೂಜೆಯೆಂಬುದನ್ನು ಪಾದ್ರಿಯು ಆರಂಭದಲ್ಲೇ ಓದುತ್ತಾರೆ. ಜಗತ್ತಿನಲ್ಲಿ ಲೊರೆನ್ಸುವಿನ ಹೆಸರನ್ನು ಬೇರೊಬ್ಬರು ಗಟ್ಟಿಯಾಗಿ ಹೇಳುವುದು ವರ್ಷಕ್ಕೆ ಆ ಒಂದು ಸಲ. ಅದನ್ನು ಕಿವಿಯಾರೆ ಕೇಳಲೆಂದೇ ತೀಯಾ ಹೋಗುವುದು. ಗುಡ್ಡದ ಮೆಟ್ಟಿಲು ಅವಳ ಕಾಲಿಗೆ ಆಗದು. ಹಿಂದಿನ ಎಂಟೂ ವರ್ಷ ಅವಳನ್ನು ರಸ್ತೆಯ ಸುತ್ತಿನಿಂದ ಮೇಲಕ್ಕೆ ಮುಟ್ಟಿಸಿದವನು ಎವರಿಸ್ತನೇ. ಈ ವರ್ಷ ಆ ದಿನ ಅವನ ನೆನಪಿಗೆ ಬಂದಿರಲಿಲ್ಲ. ಬಿಳಿಯ ಅಂಗಿಯೇ ಅವನ ಬೆಳಗನ್ನೆಲ್ಲ ತುಂಬಿತ್ತು.

ಹದಿನೆಂಟು ಜೂನ್ ರಸ್ತೆಯ ಕೂಡುದಾರಿಯಲ್ಲಿ ಪೊಲೀಸನು ಕೈ ಅಡ್ಡ ಹಿಡಿದಾಗ ಗಾಡಿ ನಿಂತಿತು. ಮಗ್ಗುಲಲ್ಲಿ ನಿಂತ ಕಾರಿನ ಗಾಜು ಕೆಳಗಿಳಿಯಿತು. ಒಳಗಿದ್ದವರು ಕನ್ನಡಕದ ಸಭ್ಯ ಗೃಹಸ್ಥರು. ಗಾಡಿ ಹೇಗಿದೆ, ಪೇಟೆಯಲ್ಲಿ ದಿನಾ ಓಡಿಸಲು ಭಾರವಾಗುವುದಿಲ್ಲವೇ, ತಮಗೂ ಕೊಳ್ಳುವ ಮನಸ್ಸಿದೆ ಎಂದು ವಿಚಾರಿಸಿದರು. ಎವರಿಸ್ತ ತಿಳಿದದ್ದನ್ನೆಲ್ಲ ಹೇಳಿದ, ಚೆನ್ನಾಗಿಯೇ ಹೇಳಿದ. ಗೃಹಸ್ಥರು ತಲೆದೂಗಿದರು.

"ಆಫೀಸಿಗೆ ಇದ್ರಲ್ಲೇ ಹೋಗ್ತೀರಾ ಸರ್? ಯಾವ ಆಫೀಸು?"

"ಖಜಾನೆ," ಎಂದ ಎವರಿಸ್ತ.

ಏಕೆ ಹಾಗೆಂದನೆಂದು ಆ ಮೇಲೆ ಎಷ್ಟು ಸಲ ತನ್ನನ್ನು ತಾನೇ ಕೇಳಿಕೊಂಡರೂ ಅವನಿಗೆ ಉತ್ತರ ಸಿಗಲಿಲ್ಲ. ಯಾರೂ ಒತ್ತಾಯಿಸಿರಲಿಲ್ಲ. ಯಾವ ಲಾಭವೂ ಇರಲಿಲ್ಲ. ಮಾತು ತಾನಾಗಿ ಹೊರಬಿದ್ದು, ಬಿದ್ದಲ್ಲಿಯೇ ಬೇರೂರಿತು. ಅಷ್ಟರಲ್ಲಿ ರಸ್ತೆಯ ಆಚೆ ಬದಿಯಿಂದ ಕೂಗು ಬಂತು.

"ಪೈಲಟ್! ಎವರಿಸ್ತ್, ಪುತಾ, ಇಲ್ಲಿ!"

ಪುತಾ ಎಂದರೆ ಮಗನೇ ಎಂಬ ಕರೆ. ತಿರುಗಿ ನೋಡದೆಯೇ ಅವನಿಗೆ ದನಿ ಗುರುತಾಯಿತು. ಕರಿಯ ಉಡುಪು, ಕೈಯಲ್ಲಿ ಜಪಮಾಲೆ, ಎತ್ತಿದ ಕೈ, ಎಲ್ಲವೂ ಗಾಡಿಯ ದುಂಡು ಕನ್ನಡಿಯಲ್ಲಿ ಚಿಕ್ಕದಾಗಿ, ಸ್ಪಷ್ಟವಾಗಿ ಕಂಡಿತು. ಅದು ಯಾವ ದಿನವೆಂಬುದೂ ಆ ಕ್ಷಣಕ್ಕೆ ನೆನಪಾಯಿತು. ಕಾರಿನ ಗೃಹಸ್ಥರು ಅತ್ತ ನೋಡಿ, ಆ ಅಜ್ಜಿ ಯಾರನ್ನೋ ಕರೆಯುತ್ತಿದ್ದಾರಲ್ಲ ಎಂದರು.

"ಯಾರೋ ಪೈಲಟ್‌ನ ಇರ್ಬೇಕು," ಎಂದ ಎವರಿಸ್ತ.

ಪೊಲೀಸನ ಕೈ ಇಳಿಯಿತು. ಗಾಡಿ ಮುಂದಕ್ಕೆ ಹೋಯಿತು. ಎಷ್ಟು ಮೃದುವಾಗಿ, ಎಷ್ಟು ಗಾಂಭೀರ್ಯದಿಂದ ಹೋಯಿತೆಂದರೆ, ಆ ಯಂತ್ರದ ಗುಣವನ್ನು ಅವನು ಅಂದು ಅರಿತಷ್ಟು ಇನ್ನಾವ ದಿನವೂ ಅರಿಯಲಿಲ್ಲ.

ಮಾಂಡವಿಯ ದಂಡೆಯವರೆಗೆ ಹೋಗಿ ಅವನು ನಿಂತ. ತನ್ನ ತಪ್ಪಿಲ್ಲವೆಂಬುದಕ್ಕೆ ಮನಸ್ಸು ಒಂದೊಂದೇ ಕಾರಣವನ್ನು ತಂದಿಟ್ಟಿತು. ಹಳದಿಯಿಲ್ಲದ ಗಾಡಿಯಲ್ಲಿ ಸವಾರಿ ಒಯ್ಯಕೂಡದೆಂಬ ಕರಾರಿತ್ತು. ತಾನು ಇಂದು ಪೈಲಟನಲ್ಲ, ಪರೀಕ್ಷಕ. ತೀಯಾಳನ್ನು ಬೇರೆ ಯಾವನಾದರೂ ಹತ್ತಿಸಿಕೊಂಡೇ ಇರುತ್ತಾನೆ. ಎಲ್ಲ ಕಾರಣಗಳೂ ಸರಿಯಾಗಿದ್ದವು. ಆದರೂ ಅವನು ಗಾಡಿ ತಿರುಗಿಸಿದ. ಕೂಡುದಾರಿಗೆ ಮರಳುವಷ್ಟರಲ್ಲಿ ಹತ್ತು ನಿಮಿಷವಾಗಿತ್ತು. ಅಲ್ಲಿ ಯಾರೂ ಇರಲಿಲ್ಲ. ಯಾರೂ ಇಲ್ಲದ್ದನ್ನು ಕಂಡು ಅವನಿಗೆ ಒಂದು ಬಗೆಯ ಸಮಾಧಾನವಾಯಿತು. ಆ ಸಮಾಧಾನವನ್ನು ನೆನೆದರೆ ಈಗಲೂ ಅವನ ಮುಖ ಕಪ್ಪಿಡುತ್ತದೆ. ಅಂದಿನ ಪುಟವನ್ನು ಅವನು ಬರೆಯಲಿಲ್ಲ.

ಮರುದಿನ ಹೊಸ ಗಾಡಿಯ ಪರೀಕ್ಷೆಯನ್ನು ಮಧ್ಯಾಹ್ನಕ್ಕೆ ಬಿಟ್ಟು, ಬೆಳಿಗ್ಗೆ ಹಳೆಯ ನೀಲಿ ಅಂಗಿ ತೊಟ್ಟು, ತನ್ನ ಹಳೆಯ ಗಾಡಿಯಲ್ಲಿ ಮಾಲಾ ಕೇರಿಯನ್ನು ಹಾದುಹೋಗುವಾಗ ತೀಯಾ ಜಗಲಿಯಿಂದ ಕರೆದಳು. ಅವನು ತಟ್ಟನೆ ನಿಂತ. ಅವಳು ಪ್ರತಿವರ್ಷದಂತೆ ದೋದೊಲ್ ಮಾಡಿದ್ದಳು. ಬೆಲ್ಲ, ತೆಂಗಿನಹಾಲು ಕುದಿಸಿ ಕಟ್ಟಿದ ಆ ಕರಿಯ ಸಿಹಿಯಲ್ಲಿ ಅವನ ಪಾಲು ಬಾಳೆಯೆಲೆಯಲ್ಲಿ ಸುತ್ತಿ ಸಿದ್ಧವಾಗಿತ್ತು. ನಿನ್ನೆ ಬರಲಾಗಲಿಲ್ಲವೇ ಎಂದು ಅವಳು ಕೇಳಲಿಲ್ಲ. ಕಾಲುಗಳೆರಡನ್ನೂ ಮಣೆಯ ಮೇಲೆ ಚಾಚಿಕೊಂಡಿದ್ದಳು, ಹರಡುಗಳು ಊದಿದ್ದವು.

ಮೆಟ್ಟಿಲು ಹತ್ತಿದೆನೆಂದು ತಾನೇ ಹೇಳಿದಳು. ಅಲ್ಲಲ್ಲಿ ಕೂರುತ್ತ, ಏಳುತ್ತ ಹೋದದ್ದು. ಮೇಲೆ ಮುಟ್ಟುವಾಗ ಪಾದ್ರಿಯು ಹೆಸರು ಓದಿ ಮುಗಿಸಿ ಮುಂದಿನ ಪ್ರಾರ್ಥನೆಗೆ ಹೋಗಿದ್ದರು. ಪೂಜೆಯೇನೋ ಸಿಕ್ಕಿತು, ದೇವರಿಗೆ ಹೆಸರು ಗೊತ್ತೇ ಇರುತ್ತದಲ್ಲ ಎಂದು ನಕ್ಕಳು. ಬೇರೆ ಪೈಲಟರು ಸಿಗಲಿಲ್ಲವೇ ಎಂದು ಎವರಿಸ್ತ ಕೇಳಿದ.

"ಸಿಗ್ತಿದ್ರು ಪುತಾ. ಆದ್ರೆ ಕೈ ಎತ್ತೋಕೆ ಧೈರ್ಯ ಬರ್ಲಿಲ್ಲ. ನಿನ್ನೆ ಒಂದು ಮಾನಗೇಡಿ ಕೆಲಸ ಮಾಡ್ಬಿಟ್ಟೆ." ಅವಳು ದನಿ ತಗ್ಗಿಸಿದಳು. "ಕೂಡುದಾರೀಲಿ ಒಬ್ಬ ದೊಡ್ಡ ಮನುಷ್ಯರು ನಿಂತಿದ್ರು. ಬಿಳಿ ಅಂಗಿ, ಭಾರಿ ಗಾಡಿ. ಭುಜ ನಿನ್ನ ಹಾಗೇ ಒಂದು ಕಡೆ ವಾಲಿತ್ತು ನೋಡು, ನೀನೇ ಅಂದ್ಕೊಂಡು ಬೀದಿ ತುಂಬ ಕೇಳೋ ಹಾಗೆ ಪೈಲಟ್ ಅಂತ ಕೂಗಿದೆ. ಪಾಪ, ಅವರು ತಿರುಗಿ ಕೂಡ ನೋಡ್ಲಿಲ್ಲ. ಕಾರಿನೋರ ಎದುರಿಗೆ ಎಷ್ಟು ನಾಚಿಕೆ ಆಯ್ತೋ ಏನೋ. ನನ್ನ ಕಣ್ಣು ಇನ್ನು ನಂಬೋ ಹಾಗಿಲ್ಲ ಅನ್ನಿಸ್ತು. ನೆಟ್ಟಗೆ ನಡ್ಕೊಂಡೇ ಹೋದೆ."

ಅದು ತಾನೇ ಎಂದು ಎವರಿಸ್ತ ಹೇಳುವ ಹೊತ್ತು ಅದೇ ಆಗಿತ್ತು. ಒಂದೇ ಮಾತು ಸಾಕಾಗಿತ್ತು. ತೀಯಾ ಮುಂದುವರಿಸಿದಳು: ಇಡೀ ಪಣಜಿಯನ್ನು ಸುತ್ತುವವನು ನೀನು, ಅಂಥ ಗಾಡಿಯವರು ಎಲ್ಲಾದರೂ ಸಿಕ್ಕರೆ, ಮಾಲಾದ ಮುದುಕಿಯೊಬ್ಬಳು ಕಣ್ಣು ಕಾಣದೆ ತಪ್ಪು ಮಾಡಿದಳು, ಮನಸ್ಸಿಗೆ ಹಚ್ಚಿಕೊಳ್ಳಬೇಡಿ ಎಂದು ಹೇಳಿಬಿಡು. ರಾತ್ರಿ ಆ ಪುಣ್ಯಾತ್ಮನ ಹೆಸರಿಗೂ ಹತ್ತು ಮಣಿ ಜಪ ಮಾಡಿದೆನೆಂದಳು. ಎವರಿಸ್ತ ತಲೆಯಾಡಿಸಿದ. ಬಾಳೆಯೆಲೆಯ ಪೊಟ್ಟಣವನ್ನು ಅಂಗಿಯ ಜೇಬಿಗೆ ಹಾಕಿಕೊಂಡು ಹೊರಟ. ತನಗೆ ಸಲ್ಲಬೇಕಾದ ನಾಚಿಕೆಯನ್ನು ಒಬ್ಬ ಮುದುಕಿ ಊದಿದ ಕಾಲುಗಳ ಮೇಲೆ ಹೊತ್ತು ಕುಳಿತಿದ್ದಳು; ಅದನ್ನು ಇಳಿಸಿಕೊಳ್ಳಬೇಕಾದವನು ಸಿಹಿಯನ್ನು ಪಡೆದು ಮರಳುತ್ತಿದ್ದ. ಆ ದೋದೊಲ್ ಮನೆಯ ಕಪಾಟಿನಲ್ಲಿ ಹಾಗೆಯೇ ಉಳಿಯಿತು. ಏಕೆ ತಿನ್ನಲಿಲ್ಲವೆಂದು ರೆಜಿನಾ ಕೇಳಿದ್ದಕ್ಕೆ ಹಲ್ಲುನೋವೆಂದ; ಮೂರು ದಿನಗಳಲ್ಲಿ ಅದು ಅವನ ಮೂರನೆಯ ಸುಳ್ಳು.

ಎಂಟನೆಯ ದಿನ ಮಧ್ಯಾಹ್ನ, ಸವಾರಿ ಕಡಿಮೆಯಿರುವ ಹೊತ್ತಿನಲ್ಲಿ ಎಲ್ಲರೂ ಬಾದಾಮಿಯ ಮರದ ಕೆಳಗೆ ಕೂಡಿದರು. ಹೊಸ ಗಾಡಿ ಮಿರುಗುತ್ತ ನಿಂತಿತ್ತು. ಎವರಿಸ್ತ ನೋಟುಬುಕ್ಕನ್ನು ತೆರೆದು ಓದಿದ. ತೂಕ, ಕಾವು, ಕ್ಲಚ್ಚು, ಗುಡ್ಡ, ಫೆರಿಯ ಹಲಗೆ ಎಲ್ಲವನ್ನೂ ಓದಿದ. ಸೀಟಿನ ಮಾತು ಬಂದಾಗ ಎಲ್ಲರೂ ನಕ್ಕರು. ನಾಲ್ಕು ಮುಗಿಸಿ ಆರನೆಯ ದಿನದ ಪುಟಕ್ಕೆ ಹೊರಳಿದ. ಅದರಲ್ಲಿ ಹಿಂದಿನ ಬ್ರೇಕಿನ ವಿಚಾರವಿತ್ತು. ದಾಮು ಅವನ ಮಗ್ಗುಲಲ್ಲೇ ಕುಳಿತು ಪುಟಗಳನ್ನು ನೋಡುತ್ತಿದ್ದ.

"ಐದನೇ ದಿನ ಎಲ್ಲಿ ಹೋಯ್ತು, ಎವರಿಸ್ತ್‌ಬಾಬ್? ಗಾಡಿಗೆ ರಜಾ ಕೊಟ್ರಾ?"

ಬಾಬ್ ಎಂಬ ಮರ್ಯಾದೆಯ ಕರೆಯಲ್ಲಾಗಲಿ ಕೇಳಿದವನ ದನಿಯಲ್ಲಾಗಲಿ ಕುಟಿಲವೇನೂ ಇರಲಿಲ್ಲ. ಆದರೆ ಎವರಿಸ್ತನ ಬೆರಳು ಬರಿದೇ ಬಿಟ್ಟಿದ್ದ ಐದನೆಯ ಪುಟದ ಮೇಲೆ ನಿಂತುಬಿಟ್ಟಿತು. ಅಂದು ಜ್ವರವಿತ್ತೆನ್ನಬಹುದಾಗಿತ್ತು. ಅವನ ಮಾತನ್ನು ಅಲ್ಲಿ ಯಾರೂ ಶಂಕಿಸುತ್ತಿರಲಿಲ್ಲ, ಮಳೆಯಲ್ಲಿ ಎಂಟು ದಿನ ನಿಂತಿದ್ದ ದಾಮು ಕೂಡ. ಆ ನಂಬಿಕೆಯೇ ಅವನಿಗೆ ತಾಳಲಾರದ್ದಾಯಿತು. ಅವನು ನೋಟುಬುಕ್ಕನ್ನು ಮುಚ್ಚಿ ಮೊಣಕಾಲ ಮೇಲಿಟ್ಟುಕೊಂಡು, ಬಿಳಿಯ ಅಂಗಿಯಿಂದ ಮೊದಲುಮಾಡಿ ಎಲ್ಲವನ್ನೂ ಹೇಳಿದ. ಖಜಾನೆಯೆಂದದ್ದನ್ನು ಹೇಳಿದ. ಕನ್ನಡಿಯಲ್ಲಿ ಕಂಡ ಕೈಯನ್ನು ಹೇಳಿದ. ಮೆಟ್ಟಿಲನ್ನೂ ಓದಿ ಮುಗಿದಿದ್ದ ಹೆಸರನ್ನೂ ದೋದೊಲನ್ನೂ ಹೇಳಿದ. ಯಾರನ್ನೂ ನೋಡದೆ, ಹೊಸ ಗಾಡಿಯ ಚಕ್ರವನ್ನೇ ನೋಡುತ್ತ ಹೇಳಿದ.

ಒಬ್ಬನು, ಹಳದಿಯಿಲ್ಲದ ಗಾಡಿಗೆ ಸ್ಟ್ಯಾಂಡಿನ ಕಟ್ಟಳೆ ತಗಲದೆಂದು ಮೆಲ್ಲಗೆ ಹೇಳಿದ. ಹೌದು, ಕರಾರಿನಲ್ಲೇ ಸವಾರಿ ಕೂಡದೆಂದಿತ್ತಲ್ಲ ಎಂದು ಇನ್ನೊಬ್ಬ ದನಿಗೂಡಿಸಿದ. ಅವರೆಲ್ಲ ಅವನಿಗೆ ಪಾರಾಗುವ ದಾರಿ ಮಾಡಿಕೊಡುತ್ತಿದ್ದರು. ತಾನು ದಾಮುವಿಗೆ ಮಾಡಿಕೊಡದ ದಾರಿಯನ್ನು. ಎವರಿಸ್ತ ದಾಮುವಿನ ಕಡೆ ತಿರುಗಿದ.

"ನಿನಗೆ ಮಳೇಲಿ ನಿಜಕ್ಕೂ ಕೇಳಿಸಿರ್ಲಿಲ್ಲ, ಅಲ್ವಾ?"

"ಇಲ್ಲ ಬಾಬ್."

"ನನಗೆ ಕೇಳಿಸಿತ್ತು."

ಅಷ್ಟು ಹೇಳಿ ಅವನು ಎದ್ದ. ಸಾಲಿನಲ್ಲಿ ಮೂರನೆಯದಾಗಿ ನಿಂತಿದ್ದ ತನ್ನ ಹಳೆಯ ಗಾಡಿಯ ಸ್ಟ್ಯಾಂಡು ತೆಗೆದು, ಹಿಡಿ ಹಿಡಿದು, ಎಲ್ಲರ ಗಾಡಿಗಳನ್ನು ದಾಟಿಸಿ ಕೊನೆಗೆ ತಳ್ಳಿಕೊಂಡು ಹೋದ. ಆ ಕೊನೆಗೆ ಮರದ ನೆರಳು ಮುಟ್ಟುತ್ತಿರಲಿಲ್ಲ.

ಹೊಸ ಗಾಡಿಯ ವಿಚಾರ ಉಳಿದೇ ಇತ್ತು. ದಾಮು ಅವನಿದ್ದಲ್ಲಿಗೆ ಬಂದು, ಕೊಳ್ಳುವುದೋ ಬೇಡವೋ ಅದನ್ನಾದರೂ ಹೇಳಿ ಎಂದು ಕೇಳಿದ. ಗಾಡಿ ಒಳ್ಳೆಯದು, ಯಂತ್ರದಲ್ಲಿ ದೋಷವಿಲ್ಲ, ಸೀಟನ್ನೂ ಕಂಬಿಯನ್ನೂ ಬದಲಿಸಿಕೊಂಡರೆ ಹತ್ತು ವರ್ಷ ದುಡಿಯುತ್ತದೆ ಎಂದ ಎವರಿಸ್ತ. ಬಣ್ಣವನ್ನು ಮಾತ್ರ ಅಂಗಡಿಯಲ್ಲೇ ಬಳಿಸಿ, ಬಳಿದ ಮೇಲೆ ಹತ್ತಿ ಎಂದು ಸೇರಿಸಿದ. ದಾಮು ಅದನ್ನು ಮಿಕ್ಕವರಿಗೆ ಮುಟ್ಟಿಸಲು ನೆರಳಿಗೆ ಮರಳಿದ.

ಮಾರನೆಯ ಬೆಳಿಗ್ಗೆ ಪಿಯೆದಾದ್ ತೀಯಾ ಔಷಧದಂಗಡಿಗೆ ಹೋಗಲೆಂದು ಕೋಲೂರಿಕೊಂಡು ಬಂದಳು. ಮೊದಲಿಗೆ ನಿಂತವನು ದಾಮು. ಅವಳು ಸಾಲನ್ನು ಉದ್ದಕ್ಕೂ ನೋಡಿ, ಎವರಿಸ್ತ ಏಕೆ ಬಿಸಿಲಲ್ಲಿ ಬಾಲಕ್ಕೆ ನಿಂತಿದ್ದಾನೆಂದು ಕೇಳಿದಳು. ಅವನನ್ನೇ ಕೇಳಿ ಎಂದ ದಾಮು. ಅವಳು ನಿಧಾನವಾಗಿ, ಒಂದೊಂದೇ ಹಳದಿ ಮಡ್ಗಾರ್ಡನ್ನು ದಾಟುತ್ತ ಕೊನೆಯವರೆಗೆ ನಡೆದು ಬಂದಳು. ಎವರಿಸ್ತ ಗಾಡಿಯಿಂದ ಇಳಿದು ನಿಂತ. ಎಂಟು ವರ್ಷ ತನ್ನ ಬೆನ್ನ ಹಿಂದೆ ಕುಳಿತವಳ ಮುಖವನ್ನು ಅವನು ಎದುರಿಗೆ ನಿಂತು ನೋಡಿದ್ದು ಕಡಿಮೆ.

"ತೀಯಾ, ನಿಮ್ಮ ಕಣ್ಣು ಸರಿಯಾಗೇ ಇದೆ," ಎಂದ. "ಬಿಳಿ ಅಂಗಿ ಹಾಕ್ಕೊಂಡಿದ್ದೋನು ನಾನೇ. ಕೂಗಿದ್ದು ಕೇಳಿಸ್ತು. ಕೇಳಿಸಿಯೂ ಹೋದೆ."

ತೀಯಾ ಕೋಲಿನ ಮೇಲೆ ಎರಡೂ ಕೈಯೂರಿ ನಿಂತಳು. ಅವಳ ಮುಖದಲ್ಲಿ ಕೋಪ ಬರಲಿಲ್ಲ. ಬಂದಿದ್ದರೆ ಅವನಿಗೆ ಹಗುರವಾಗುತ್ತಿತ್ತು. ಅವಳು ಅವನ ಮುಖವನ್ನೂ ವಾಲಿದ ಭುಜವನ್ನೂ ಬಹಳ ಹೊತ್ತು ನೋಡಿದಳು, ಕಣ್ಣಿನ ಮೇಲೆ ಕಳೆದುಕೊಂಡಿದ್ದ ನಂಬಿಕೆಯನ್ನು ಮರಳಿ ಪಡೆಯುತ್ತಿರುವವಳಂತೆ.

"ನಾಲ್ಕು ರಾತ್ರಿ ಆ ದೊಡ್ಡ ಮನುಷ್ಯನ ಹೆಸರಲ್ಲಿ ಜಪ ಮಾಡಿದೀನಿ," ಎಂದಳು ಕೊನೆಗೆ. "ಇನ್ನು ನನ್ನಿಂದ ಆಗಲ್ಲ. ಅದನ್ನ ನೀನೇ ಮಾಡ್ಕೊ."

ತಿರುಗಿ, ಬಂದಷ್ಟೇ ನಿಧಾನವಾಗಿ ಸಾಲಿನ ಮುಂದಕ್ಕೆ ಹೋದಳು. ದಾಮು ಗಾಡಿಯನ್ನು ಓರೆ ಮಾಡಿ, ಅವಳ ಕೋಲನ್ನು ಹಿಡಿದುಕೊಂಡು, ಅವಳು ಸರಿಯಾಗಿ ಕೂರುವವರೆಗೆ ಕಾದ. ಅವರು ಮಾರುಕಟ್ಟೆಯ ತಿರುವಿನಲ್ಲಿ ಮರೆಯಾದರು. ಮುಂದಿನ ವರ್ಷ ಆ ದಿನ ಅವಳು ಯಾರಿಗೆ ಕೈ ಎತ್ತುವಳೋ ಎಂದು ಎವರಿಸ್ತ ಯೋಚಿಸಿದ. ಕೇಳುವ ಅಧಿಕಾರ ತನಗಿಲ್ಲವೆಂಬುದು ಅವನಿಗೆ ತಿಳಿದಿತ್ತು.

ಅಷ್ಟರಲ್ಲಿ ಬಸ್ ನಿಲ್ದಾಣದ ಸವಾರಿ ಮುಗಿಸಿದ ಪೈಲಟನೊಬ್ಬ ಮರಳಿ ಬಂದು, ಸಾಲಿಗೆ ಸೇರಲು ಸಂಕೋಚಪಡುತ್ತ ಸ್ವಲ್ಪ ದೂರದಲ್ಲಿ ಗಾಡಿ ನಿಲ್ಲಿಸಿದ. ಎವರಿಸ್ತ ಅವನಿಗೆ ತನ್ನ ಮುಂದಕ್ಕೆ ಬಾ ಎಂದು ಸನ್ನೆ ಮಾಡಿದ. ಗಾಡಿ ಹತ್ತಿ ನೆಲಕ್ಕೆ ಕಾಲೊದ್ದು, ಬಿಸಿಲಿಗೆ ಕಾದ ಟ್ಯಾಂಕನ್ನು ತೊಡೆಗಳ ನಡುವೆ ಹಿಡಿದು, ಗಾಡಿಯನ್ನು ಒಂದು ಗಾಡಿಯ ಉದ್ದದಷ್ಟು ಹಿಂದಕ್ಕೆ ಸರಿಸಿಕೊಂಡ.